ತಡೆಹಿಡಿದದ್ದರ ತಾಪ

ರಿಮೋಟಿನಿಂದ ಓಡುವ ಕಾರು, ಹಾರುವ ಡ್ರೋನು ಎರಡರಲ್ಲೂ ಬ್ಯಾಟರಿಗೂ ಮೋಟಾರಿಗೂ ನಡುವೆ ಬೆಂಕಿಪೊಟ್ಟಣದ ಗಾತ್ರದ ಒಂದು ಸಲಕರಣೆ ಕೂತಿರುತ್ತದೆ. ಅದರ ಹೆಸರು ಸ್ಪೀಡ್ ಕಂಟ್ರೋಲರ್. ಬಳಸುವವರ ಬಾಯಲ್ಲಿ ಇಎಸ್‌ಸಿ. ಮೋಟಾರಿಗೆ ಎಷ್ಟು ವಿದ್ಯುತ್ ಹೋಗಬೇಕೆಂದು ನಿರ್ಧರಿಸುವುದು ಅದರ ದೊಡ್ಡ ಕೆಲಸ. ಚಿಕ್ಕದೊಂದು ಕೆಲಸವೂ ಅದರ ಪಾಲಿಗಿದೆ. ರಿಮೋಟಿನ ಆಜ್ಞೆಯನ್ನು ಕೇಳಿಸಿಕೊಳ್ಳುವ ರಿಸೀವರಿಗೂ ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಸರ್ವೋಗೂ ಅದು 5 ವೋಲ್ಟ್ ಒದಗಿಸಬೇಕು. ಬ್ಯಾಟರಿಯಲ್ಲಿರುವುದು ಅದಕ್ಕಿಂತ ಹೆಚ್ಚು. ಹೆಚ್ಚಾದುದನ್ನು ತಡೆದು 5ಕ್ಕೆ ಇಳಿಸುವ ಭಾಗವೇ ವೋಲ್ಟೇಜ್ ರೆಗ್ಯುಲೇಟರ್. ಐದು ನಿಮಿಷ ಕಾರು ಓಡಿದ ಮೇಲೆ ಅದನ್ನು ಮುಟ್ಟಿದರೆ ಬೆರಳು ತಾನಾಗಿ ಹಿಂದಕ್ಕೆ ಬರುತ್ತದೆ.

ಈ ಬಿಸಿ ಎಲ್ಲಿಂದ ಬಂತು ಎಂಬುದಕ್ಕೆ ವಿದ್ಯುತ್ ಶಾಸ್ತ್ರದಲ್ಲಿ ಒಂದು ಸಾಲಿನ ಲೆಕ್ಕವಿದೆ. ಅದೇ ಲೆಕ್ಕದ ಒಳಗೆ ಧರ್ಮಚಿಂತನೆಯ ಬಹು ಹಳೆಯ ಪ್ರಶ್ನೆಯೊಂದೂ ಕೂತಿದೆ: ಹೆಚ್ಚಾದುದನ್ನು ತಡೆಹಿಡಿದಾಗ, ತಡೆದದ್ದು ಎಲ್ಲಿಗೆ ಹೋಗುತ್ತದೆ? ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಲು ಅನುಕೂಲವಿದೆ. ಪುತ್ತೂರಿನಲ್ಲೂ ಸುಳ್ಯದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ, ಅಡಿಕೆ ಮರಕ್ಕೆ ಔಷಧಿ ಹೊಡೆಯಲು ಡ್ರೋನ್ ಬಳಸುವ ಮಾತು ತೋಟಗಳಿಗೂ ತಲುಪಿದೆ. ಅಲ್ಲೇ ಪಕ್ಕದಲ್ಲಿ ಏಕಾದಶಿ, ಚಾತುರ್ಮಾಸ್ಯ, ಒತ್ತೆಕೋಲ, ರುದ್ರಾಭಿಷೇಕಗಳು ವರ್ಷವಿಡೀ ನಡೆಯುತ್ತವೆ. ಸಂಯಮ ಎಂಬ ಮಾತು ಈ ಊರುಗಳಲ್ಲಿ ಪುಸ್ತಕದೊಳಗೇ ಉಳಿದಿಲ್ಲ. ಅದು ಅಡುಗೆಮನೆಯವರೆಗೂ ಬಂದಿದೆ.

ಮೊದಲು ಲೆಕ್ಕ. ಹಳೆಯ ಬಗೆಯ ರೆಗ್ಯುಲೇಟರಿಗೆ ಲೀನಿಯರ್ ಎಂದು ಹೆಸರು. ಎರಡು ಸೆಲ್‌ಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ವೋಲ್ಟೇಜ್ 7.4. ರಿಸೀವರ್ ಮತ್ತು ಸರ್ವೋ ಸೇರಿ 1 ಆಂಪಿಯರ್ ಎಳೆದರೆ ಅವಕ್ಕೆ ಸಲ್ಲುವುದು 5 ವಾಟ್. ಮಿಕ್ಕ 2.4 ವೋಲ್ಟ್ ಎಲ್ಲಿಗೂ ಹೋಗುವುದಿಲ್ಲ. ಆ 1 ಆಂಪಿಯರಿನೊಂದಿಗೆ ಗುಣಿಸಿಕೊಂಡು 2.4 ವಾಟ್ ಬಿಸಿಯಾಗಿ ರೆಗ್ಯುಲೇಟರಿನ ಮೈಯಲ್ಲೇ ನಿಲ್ಲುತ್ತದೆ. ಮೂರು ಸೆಲ್‌ಗಳ 11.1 ವೋಲ್ಟಿನ ಬ್ಯಾಟರಿ ಹಾಕಿದರೆ ಕೆಲಸಕ್ಕೆ ಸಲ್ಲುವುದು ಅದೇ 5 ವಾಟ್, ಸುಟ್ಟುಹೋಗುವುದು 6.1 ವಾಟ್. ಬಲವಾದ ಸರ್ವೋ 2 ಆಂಪಿಯರ್ ಎಳೆದರಂತೂ 12.2 ವಾಟ್, ಅಂದರೆ 25 ವಾಟಿನ ಬೆಸುಗೆ ಕಡ್ಡಿಯ ಅರ್ಧ ಬಿಸಿ, ಉಗುರಿನಷ್ಟಗಲದ ಜಾಗದಲ್ಲಿ. ಎಲ್ಲ ಕಡೆ ಸಿಗುವ 7805 ಎಂಬ ರೆಗ್ಯುಲೇಟರಿಗೆ ಲೋಹದ ರೆಕ್ಕೆ ಜೋಡಿಸದೆ ಬಿಟ್ಟರೆ ಪ್ರತಿ ವಾಟ್‌ಗೆ ಅದರ ಒಳಗಿನ ಉಷ್ಣತೆ ಸುಮಾರು 65 ಡಿಗ್ರಿಯಷ್ಟು ಏರುತ್ತದೆ. ಅದು ತಾಳಬಲ್ಲುದು 125 ಡಿಗ್ರಿಯ ಆಸುಪಾಸು. ಮೇ ತಿಂಗಳ ಪುತ್ತೂರಿನ ಸೆಕೆಯಲ್ಲಿ ಲೆಕ್ಕ ಶುರುವಾಗುವುದೇ 35ರಿಂದ. 2 ವಾಟ್ ಕೂಡ ಅದಕ್ಕೆ ಭಾರ.

ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದರ ಅಣ್ಣನ ಪರಿಚಯವಿದೆ. ಗೋಡೆಯ ಮೇಲಿನ ಸ್ವಿಚ್ ಬೋರ್ಡಿನಲ್ಲಿ ಇಟ್ಟಿಗೆಯ ಅರ್ಧದಷ್ಟು ದಪ್ಪದ ಫ್ಯಾನ್ ರೆಗ್ಯುಲೇಟರ್ ಇರುತ್ತಿತ್ತು. ಒಳಗೆ ಸುರುಳಿ ಸುತ್ತಿದ ತಂತಿ. ಗುಂಡಿಯನ್ನು ಐದರಿಂದ ಒಂದಕ್ಕೆ ತಿರುಗಿಸಿದರೆ ಫ್ಯಾನು ನಿಧಾನವಾಗುತ್ತಿತ್ತು, ರೆಗ್ಯುಲೇಟರ್ ಬಿಸಿಯಾಗುತ್ತಿತ್ತು, ಕರೆಂಟ್ ಬಿಲ್ ಮಾತ್ರ ಹೆಚ್ಚೇನೂ ಇಳಿಯುತ್ತಿರಲಿಲ್ಲ. ಗಾಳಿ ಕಡಿಮೆಯಾದದ್ದು ನಿಜ, ಖರ್ಚು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಮೊದಮೊದಲಿನ ರಿಮೋಟ್ ಕಾರುಗಳ ವೇಗ ನಿಯಂತ್ರಣವೂ ಹೀಗೆಯೇ ಇತ್ತು: ಸರ್ವೋ ಒಂದು ಕಡ್ಡಿಯನ್ನು ಸರಿಸಿ ಮೋಟಾರಿನ ದಾರಿಯಲ್ಲಿ ಪಿಂಗಾಣಿ ಹೊದಿಕೆಯ ರೆಸಿಸ್ಟರನ್ನು ಅಡ್ಡ ತರುತ್ತಿತ್ತು. ನಿಧಾನ ಓಡಿಸಿದಷ್ಟೂ ಅದು ಕಾಯುತ್ತಿತ್ತು.

ಬಿಸಿ ಮಿತಿ ದಾಟಿದಾಗ ಆಗುವುದನ್ನು ಸ್ವಲ್ಪ ನಿಂತು ನೋಡಬೇಕು. ಸುಮಾರು 150 ಡಿಗ್ರಿ ಮುಟ್ಟಿದೊಡನೆ ರೆಗ್ಯುಲೇಟರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಬಾಗಿಲು ಮುಚ್ಚುತ್ತದೆ. ಆಗ ಮೊದಲು ವಿದ್ಯುತ್ ಕಳೆದುಕೊಳ್ಳುವುದು ಮೋಟಾರಲ್ಲ. ಬ್ಯಾಟರಿ ಇನ್ನೂ ತುಂಬಿದೆ, ಮೋಟಾರಿಗೆ ಬೇಕಾದ ಬಲವೆಲ್ಲ ಅಲ್ಲೇ ಇದೆ, ಕಾರು ವೇಗದಲ್ಲಿದೆ. ಕಳೆದುಹೋಗುವುದು ಆಜ್ಞೆ ಕೇಳುವ ಕಿವಿ ಮತ್ತು ದಿಕ್ಕು ತಿರುಗಿಸುವ ಕೈ. ಅಂಗಳದಲ್ಲಿ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ರಿಮೋಟಿನ ಮಾತು ಕೇಳದೆ ಹೋಗುತ್ತಿದ್ದ ದಿಕ್ಕಿಗೇ ನುಗ್ಗಿ ಮೆಟ್ಟಲಿಗೆ ಬಡಿಯುತ್ತದೆ. ನಿಮಿಷ ಬಿಟ್ಟು, ತಣಿದ ಮೇಲೆ, ಏನೂ ಆಗದವರಂತೆ ಮತ್ತೆ ಮಾತು ಕೇಳುತ್ತದೆ.

ಭಗವದ್ಗೀತೆಯ ಎರಡನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ಪತನದ ಒಂದು ಸರಪಣಿಯಿದೆ. ವಿಷಯದ ಧ್ಯಾನದಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಮೋಹ, ಮೋಹದಿಂದ ಸ್ಮೃತಿ ತಪ್ಪುವುದು, ಸ್ಮೃತಿ ತಪ್ಪಿ ಬುದ್ಧಿನಾಶ. ಈ ಸರಪಣಿಯಲ್ಲಿ ಮೊದಲು ಹೋಗುವುದು ಶಕ್ತಿಯಲ್ಲ, ವಿವೇಕ. ಕೋಪಗೊಂಡವನ ತೋಳಿನ ಬಲ ಕುಂದುವುದಿಲ್ಲ. ಏನು ಮಾಡುತ್ತಿದ್ದೇನೆಂಬ ನೆನಪು ಕುಂದುತ್ತದೆ. ಕಠೋಪನಿಷತ್ತು ಶರೀರವನ್ನು ರಥವೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಕಡಿವಾಣವೆಂದೂ ಬುದ್ಧಿಯನ್ನು ಸಾರಥಿಯೆಂದೂ ಕರೆದಾಗ ಅದರ ಚಿಂತೆಯೂ ಇದೇ. ಕುದುರೆ ಸತ್ತರೆ ರಥ ನಿಲ್ಲುತ್ತದೆ. ಸಾರಥಿ ಮೂರ್ಛೆ ಹೋದರೆ ರಥ ಓಡುತ್ತಲೇ ಇರುತ್ತದೆ, ಅಪಾಯವಿರುವುದು ಅಲ್ಲಿ.

ತಡೆಯುವವನೇ ಕಾದು ಕುಸಿಯುವ ಈ ಸ್ಥಿತಿಯನ್ನು ಧರ್ಮಗ್ರಂಥಗಳು ಮರೆಮಾಚಿಲ್ಲ. ಗೀತೆಯ ಮೂರನೆಯ ಅಧ್ಯಾಯ, ಪ್ರಾಣಿಗಳೆಲ್ಲ ತಮ್ಮ ಪ್ರಕೃತಿಯಂತೆ ನಡೆಯುವಾಗ ನಿಗ್ರಹ ಏನು ಮಾಡೀತು ಎಂದು ನೇರವಾಗಿ ಕೇಳುತ್ತದೆ. ಕನ್ನಡದಲ್ಲಿ ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಆಡಿದವರು ಬಸವಣ್ಣನವರು. ಇಂದ್ರಿಯಗಳನ್ನು ಅದುಮಿಟ್ಟರೆ ದೋಷ ಹೋಗುವುದಿಲ್ಲ, ಬಂದು ಸೇರುತ್ತದೆ. ಅದುಮಿದ ಇಂದ್ರಿಯಗಳೇ ಎದುರಿಗೆ ನಿಂತು ಕಾಡುತ್ತವೆ ಎಂಬ ಅರ್ಥದ ವಚನವೊಂದು ಅವರದಿದೆ. ಅದಕ್ಕೆ ಅವರು ಸಾಕ್ಷಿಯಾಗಿ ಕರೆಯುವುದು ದಾಂಪತ್ಯವನ್ನು ಬಿಡದೆಯೇ ಶಿವನನ್ನು ಒಲಿಸಿಕೊಂಡ ಸಿರಿಯಾಳ ಮತ್ತು ಚಂಗಳೆಯನ್ನು. ಹನ್ನೆರಡನೆಯ ಶತಮಾನದ ಶರಣರಿಗೆ ತಡೆದದ್ದು ಮಾಯವಾಗುವುದಿಲ್ಲ ಎಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಹಾಗಾದರೆ ಸಂಯಮವೇ ತಪ್ಪೇ? ಇಲ್ಲಿ ರೆಗ್ಯುಲೇಟರಿನ ಲೆಕ್ಕವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿದರೆ ಪ್ರಶ್ನೆಯೇ ಬದಲಾಗುತ್ತದೆ. ಬಿಸಿ ಎಂದರೆ ಎರಡು ಸಂಖ್ಯೆಗಳ ಗುಣಲಬ್ಧ: ಅಡ್ಡ ನಿಂತ ವೋಲ್ಟೇಜು ಮತ್ತು ಹರಿಯುತ್ತಿರುವ ಕರೆಂಟು. ಬಾಗಿಲು ಪೂರ್ತಿ ತೆರೆದಿದ್ದರೆ ಕರೆಂಟು ಧಾರಾಳ, ಆದರೆ ಅಡ್ಡ ನಿಂತದ್ದು ಬಹುತೇಕ ಸೊನ್ನೆ. ಗುಣಲಬ್ಧ ಸೊನ್ನೆಯ ಹತ್ತಿರ. ಬಾಗಿಲು ಪೂರ್ತಿ ಮುಚ್ಚಿದ್ದರೆ ಅಡ್ಡ ನಿಂತದ್ದು ಎಲ್ಲವೂ, ಹರಿಯುವುದು ಸೊನ್ನೆ. ಮತ್ತೆ ಗುಣಲಬ್ಧ ಸೊನ್ನೆ. ಸುಡುವುದು ಅರೆ ತೆರೆದು ಅರೆ ಮುಚ್ಚಿ ನಿಂತಾಗ ಮಾತ್ರ. ಲೀನಿಯರ್ ರೆಗ್ಯುಲೇಟರಿನ ಬದುಕೆಲ್ಲ ಆ ನಡುವಿನ ಸ್ಥಿತಿಯಲ್ಲೇ ಕಳೆಯುತ್ತದೆ.

ಗೀತೆಯ ಮೂರನೆಯ ಅಧ್ಯಾಯವೇ ಆರಂಭದಲ್ಲಿ ಒಬ್ಬ ಮನುಷ್ಯನನ್ನು ತೋರಿಸುತ್ತದೆ: ಕೈಕಾಲುಗಳನ್ನು ಹಿಡಿದು ಕೂತು, ಮನಸ್ಸಿನಲ್ಲಿ ಮಾತ್ರ ಅದೇ ವಿಷಯಗಳನ್ನು ಮೆಲ್ಲುತ್ತಿರುವವನು. ಅವನಿಗೆ ಇಟ್ಟ ಹೆಸರು ಮಿಥ್ಯಾಚಾರಿ. ಈ ಪದವನ್ನು ಸಾಮಾನ್ಯವಾಗಿ ಡಾಂಭಿಕ ಎಂಬ ಬೈಗುಳವಾಗಿ ಓದುತ್ತಾರೆ. ಆದರೆ ಅದನ್ನು ಒಂದು ಸ್ಥಿತಿಯ ವರ್ಣನೆಯಾಗಿ ಓದುವುದು ಹೆಚ್ಚು ನ್ಯಾಯ. ಹೊರಬಾಗಿಲು ಮುಚ್ಚಿದೆ, ಒಳಬಾಗಿಲು ತೆರೆದಿದೆ. ಅಡ್ಡ ನಿಂತದ್ದೂ ಇದೆ, ಹರಿಯುವುದೂ ಇದೆ. ಅಂಥವನು ಮೋಸ ಮಾಡುತ್ತಿರಬೇಕೆಂದಿಲ್ಲ, ಬೇಯುತ್ತಿರುತ್ತಾನೆ. ಭೋಗದಲ್ಲಿರುವ ಗೃಹಸ್ಥನಿಗೂ ನಿಜವಾಗಿ ಬಿಟ್ಟ ಸಂನ್ಯಾಸಿಗೂ ಇಲ್ಲದ ಬೇಗೆ ನಡುವೆ ನಿಂತವನಿಗಿದೆ.

ಹೊಸ ಬಗೆಯ ಸ್ವಿಚಿಂಗ್ ರೆಗ್ಯುಲೇಟರ್ ಈ ನಡುವಿನ ಸ್ಥಿತಿಯನ್ನೇ ತಪ್ಪಿಸುತ್ತದೆ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆಯುತ್ತದೆ, ಪೂರ್ತಿ ಮುಚ್ಚುತ್ತದೆ. ತೆರೆದಿರುವ ಕಾಲ ಎಷ್ಟು, ಮುಚ್ಚಿರುವ ಕಾಲ ಎಷ್ಟು ಎಂಬ ಪ್ರಮಾಣದಿಂದಲೇ 11.1 ವೋಲ್ಟ್ 5 ಆಗುತ್ತದೆ. ಹತ್ತರಲ್ಲಿ ಎಂಟೂವರೆ ಒಂಬತ್ತು ಪಾಲು ಶಕ್ತಿ ಕೆಲಸಕ್ಕೆ ಸಲ್ಲುತ್ತದೆ. ಉಳಿದ ಅಷ್ಟಿಷ್ಟು ಬಿಸಿಯಲ್ಲಿ ಒಂದು ಪಾಲು ತೆರೆಯುವುದರಿಂದ ಮುಚ್ಚುವುದಕ್ಕೆ ಹಾಯುವ ಆ ಕ್ಷಣಾರ್ಧದಲ್ಲಿ ಹುಟ್ಟಿದ್ದು. ಮೋಟಾರಿಗೆ ಹೋಗುವ ಹತ್ತಾರು ಆಂಪಿಯರನ್ನು ಇಎಸ್‌ಸಿ ಹಿಡಿದಿಡುವುದೂ ಇದೇ ಕ್ರಮದಲ್ಲಿ. ಬಡಿದು ಬಡಿದು ಬರುವ ಆ ವಿದ್ಯುತ್ತನ್ನು ಸಮವಾಗಿ ಹರಿಸಲು ಜೊತೆಗೊಂದು ತಂತಿಸುರುಳಿ ಬೇಕು. ತೆರೆದಾಗ ಬಂದುದರಲ್ಲಿ ಒಂದಿಷ್ಟನ್ನು ಅದು ತನ್ನಲ್ಲಿಟ್ಟುಕೊಂಡು, ಮುಚ್ಚಿದಾಗ ಬಿಟ್ಟುಕೊಡುತ್ತದೆ.

ಈ ಸೀಮೆಯ ಕೃಷಿಕರಿಗೆ ಇದು ಅಪರಿಚಿತವಲ್ಲ. ಮಳೆ ಹೋಗಿ ತೋಡಿನ ನೀರು ಇಳಿಯುವ ಹೊತ್ತಿಗೆ ಕಲ್ಲು, ಮಣ್ಣು ಸೇರಿಸಿ ಅಡ್ಡಕ್ಕೆ ಕಟ್ಟ ಕಟ್ಟುವುದು ಇಲ್ಲಿಯ ಹಳೆಯ ಪದ್ಧತಿ. ಬೇಸಗೆಯುದ್ದಕ್ಕೂ ಅದು ನೀರನ್ನು ನಿಲ್ಲಿಸುತ್ತದೆ. ಮಳೆಗಾಲಕ್ಕೆ ಮುನ್ನ ಬಿಡಿಸುತ್ತಾರೆ, ತೋಡು ಪೂರ್ತಿ ಹರಿಯುತ್ತದೆ. ಕಟ್ಟಿದ ತಿಂಗಳುಗಳಲ್ಲಿ ನಿಂತ ನೀರು ನೆಲಕ್ಕೆ ಇಂಗಿ, ಅಕ್ಕಪಕ್ಕದ ಬಾವಿಗಳಲ್ಲಿ ಏರಿ, ತೋಟಕ್ಕೆ ಸಿಗುತ್ತದೆ. ತಡೆದದ್ದು ಹಾಳಾಗದೆ ಬೇರೊಂದು ರೂಪದಲ್ಲಿ ಉಳಿಯಿತು.

ವ್ರತಗಳ ರಚನೆಯೂ ಹೀಗೆಯೇ ಇದೆ ಎಂಬುದು ಗಮನಕ್ಕೆ ಬರುವುದು ಕಡಿಮೆ. ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರಿಂದ ಮೊದಲಾದ ಮಠವಿದೆ. ಆ ಪರಂಪರೆಯ ಮನೆಗಳಲ್ಲಿ ಏಕಾದಶಿ ಎಂದರೆ ಅರೆಹೊಟ್ಟೆಯಲ್ಲ, ನಿರಾಹಾರ. ಮರುದಿನ ದ್ವಾದಶಿ ಎಂದರೆ ಇಂತಿಷ್ಟು ಹೊತ್ತಿನೊಳಗೆ ಉಣ್ಣಲೇಬೇಕಾದ ಪಾರಣೆ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಎಂದು ಯಾರೂ ಹೇಳಲಿಲ್ಲ. ಒಂದನ್ನು ಒಂದು ಕಾಲಕ್ಕೆ ಪೂರ್ತಿ ಮುಚ್ಚಿ, ಕಾಲ ಮುಗಿದಾಗ ಪೂರ್ತಿ ತೆರೆಯಿರಿ ಎಂದರು. ಮೊಸರು ಇವತ್ತು ಬೇಕೋ ಬೇಡವೋ ಎಂಬ ಚರ್ಚೆ ದಿನವೂ ಎಲೆಯ ಮುಂದೆ ನಡೆಯುವುದಿಲ್ಲ, ಆಷಾಢದಲ್ಲೇ ತೀರ್ಮಾನವಾಗಿರುತ್ತದೆ. ಆ ದಿನನಿತ್ಯದ ಚರ್ಚೆಯೇ ಅರೆತೆರೆದ ಬಾಗಿಲು. ಇಲ್ಲಿ ತಂತಿಸುರುಳಿಯ ಕೆಲಸ ಮಾಡುವುದು ಶ್ರದ್ಧೆ. ಅದಿಲ್ಲದಿದ್ದರೆ ಉಪವಾಸ ಮತ್ತು ಔತಣಗಳ ನಡುವಿನ ಹೊಯ್ದಾಟ ಮಾತ್ರ ಉಳಿಯುತ್ತದೆ. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ತಿನ್ನುವವನಿಗೂ ಏನೂ ತಿನ್ನದವನಿಗೂ ಯೋಗವಿಲ್ಲ ಎಂದದ್ದನ್ನು ಸದಾ ಅರ್ಧ ತಿನ್ನುವ ಉಪದೇಶವೆಂದು ತಿಳಿಯಬೇಕಾಗಿಲ್ಲ. ತಕ್ಕ ಹೊತ್ತಿನ ಊಟ, ತಕ್ಕ ಹೊತ್ತಿನ ನಿದ್ದೆ, ತಕ್ಕ ಹೊತ್ತಿನ ಎಚ್ಚರ ಎಂದೂ ಅದನ್ನು ಓದಬಹುದು.

ಲೀನಿಯರ್ ರೆಗ್ಯುಲೇಟರಿನ ಪರವಾಗಿಯೂ ಹೇಳುವುದಿದೆ. ಅದು ಕೊಡುವ ವಿದ್ಯುತ್ತು ಶುದ್ಧ, ಅದರಲ್ಲಿ ಅಲುಗಾಟವಿಲ್ಲ. ಸ್ವಿಚಿಂಗ್ ಬಗೆಯದು ತೆರೆದು ಮುಚ್ಚುವ ಗದ್ದಲದಿಂದ ಪಕ್ಕದ ರಿಸೀವರಿಗೆ ತೊಂದರೆ ಕೊಟ್ಟೀತು. ಅದಕ್ಕೆಂದೇ ತಂತಿಗೆ ಫೆರೈಟ್ ಬಳೆ ತೊಡಿಸುತ್ತಾರೆ. ತಡೆಯಬೇಕಾದ ಅಂತರ ಚಿಕ್ಕದಿದ್ದಾಗ ಲೀನಿಯರ್ ಬಗೆಯದೇ ಸಾಕು. ಆರು ನಿಕಲ್ ಕ್ಯಾಡ್ಮಿಯಂ ಸೆಲ್‌ಗಳ 7.2 ವೋಲ್ಟ್ ಬ್ಯಾಟರಿಯ ಕಾಲದಲ್ಲಿ ಅದು ಒಗ್ಗಿತ್ತು. ಲಿಪೋ ಬಂದು ಸೆಲ್‌ಗಳು ಮೂರಾಗಿ ನಾಲ್ಕಾದಾಗ ಅದೇ ರೆಗ್ಯುಲೇಟರ್ ಬೇಯತೊಡಗಿತು. ಕೆಡುಕು ಅದರಲ್ಲಿರಲಿಲ್ಲ, ಅದರ ಹಿಂದೆ ನಿಂತ ಸಮೃದ್ಧಿ ಬೆಳೆದಿತ್ತು. ಕಡಿಮೆ ಇದ್ದ ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಸಾಗುತ್ತಿದ್ದ ಮಿತಿ, ಎಲ್ಲವೂ ಇರುವ ಮನೆಯಲ್ಲಿ ನಿತ್ಯದ ಕಲಹವಾಗುವುದು ಇದೇ ಕಾರಣಕ್ಕೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಂಭೀರವಾದದ್ದು. ಬಿಸಿಯನ್ನೆಲ್ಲ ನಷ್ಟವೆಂದು ಎಣಿಸುವುದು ಯಂತ್ರದ ನೋಟ. ತಪಸ್ಸು ಎಂಬ ಮಾತು ಹುಟ್ಟಿದ್ದೇ ಸುಡು, ಕಾಯು ಎಂಬ ಅರ್ಥದ ಧಾತುವಿನಿಂದ. ಜೈನರ ತತ್ತ್ವಾರ್ಥಸೂತ್ರ ಹೊರಗಿನ ತಪಸ್ಸು ಆರು, ಒಳಗಿನದು ಆರು ಎಂದು ಎಣಿಸಿ, ತಪಸ್ಸಿನಿಂದ ಕರ್ಮದ ನಿರ್ಜರೆಯಾಗುತ್ತದೆ ಎನ್ನುತ್ತದೆ. ಆ ದೃಷ್ಟಿಯಲ್ಲಿ ಬಿಸಿಯೇ ಕೆಲಸ. ಅಂಟಿದ್ದನ್ನು ಅದು ಉದುರಿಸುತ್ತದೆ. ಅಡಿಕೆ ಒಣಗಿಸುವ ಗೂಡಿನಲ್ಲಿ ಬಿಸಿಯನ್ನು ಯಾರೂ ನಷ್ಟವೆನ್ನುವುದಿಲ್ಲ. ವಿಷ್ಣುತೀರ್ಥರು ಸುಬ್ರಹ್ಮಣ್ಯದ ಬಳಿ ಸುಮಾರು 1,700 ಮೀಟರ್ ಎತ್ತರಕ್ಕೆ ನಿಂತ ಕುಮಾರಪರ್ವತದ ಸೀಮೆಯಲ್ಲಿ ತಪಸ್ಸಿಗೆ ತೆರಳಿದರೆಂದು ಪರಂಪರೆ ನೆನೆಯುತ್ತದೆ. ಅಂಥ ತಪಸ್ಸನ್ನು ಅರೆತೆರೆದ ಬಾಗಿಲೆಂದು ಕರೆಯುವುದು ತಪ್ಪಾಗುತ್ತದೆ. ಕಾಯುವುದು ಎರಡೂ ಕಡೆ ಇದೆ, ಒಂದು ಬಿಸಿ ಉದ್ದೇಶಿಸಿದ್ದು, ಇನ್ನೊಂದು ಉಳಿದುಹೋದದ್ದು. ಗೀತೆಯೂ ಹದಿನೇಳನೆಯ ಅಧ್ಯಾಯದಲ್ಲಿ ತಪಸ್ಸನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ದಂಭಕ್ಕಾಗಿ ಶರೀರವನ್ನು ಹಿಂಸಿಸುವುದನ್ನು ಅದು ಆಸುರವೆಂದು ಬದಿಗಿಟ್ಟು, ದೇಹ, ಮಾತು, ಮನಸ್ಸುಗಳ ತಪಸ್ಸನ್ನು ಬೇರೆಯಾಗಿ ಹೇಳುತ್ತದೆ.

ಸುಳ್ಯದ ಸುತ್ತಿನ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವ ಕೆಂಡದ ರಾಶಿಯ ಮೇಲೆ ಬೀಳುತ್ತದೆ. ಮೇಲೇರಿ ಎಂಬ ಸೌದೆಯ ರಾಶಿಗೆ ರಾತ್ರಿಯೇ ಬೆಂಕಿ ಕೊಟ್ಟಿರುತ್ತಾರೆ, ಬೆಳಗಿನ ಹೊತ್ತಿಗೆ ಅದು ಕೆಂಪಗೆ ಉರಿಯುವ ಗುಡ್ಡೆ. ದೈವ ಬೀಳುತ್ತದೆ, ಜೊತೆಗಿದ್ದವರು ಎಳೆದು ಎಬ್ಬಿಸುತ್ತಾರೆ, ಮತ್ತೆ ಬೀಳುತ್ತದೆ. ನೋಡುವವರ ಮುಖಕ್ಕೆ ದೂರದಿಂದಲೇ ಝಳ ಬಡಿಯುತ್ತದೆ. ಭಕ್ತರಿಗೆ ಅದು ಪ್ರಹ್ಲಾದನನ್ನು ಕಾಯ್ದ ನರಸಿಂಹನ ಶಕ್ತಿ. ಭೌತಶಾಸ್ತ್ರವೂ ಒಂದು ಮಾತು ಸೇರಿಸುತ್ತದೆ: ಕೆಂಡದಿಂದ ಮೈಗೆ ಶಾಖ ದಾಟಲು ಹೊತ್ತು ಬೇಕು, ಪ್ರತಿ ಸ್ಪರ್ಶವೂ ಪೂರ್ತಿ, ಪ್ರತಿ ಬಿಡುಗಡೆಯೂ ಪೂರ್ತಿ. ಈ ಎರಡು ಮಾತುಗಳೂ ಒಂದನ್ನೊಂದು ಅಳಿಸಬೇಕಾದ ಅಗತ್ಯವಿಲ್ಲ.

ತಪ್ಪಿಸಲಾಗದ ಬಿಸಿಗೆ ಹೊರದಾರಿ ಬೇಕೆಂಬುದನ್ನೂ ದೇವಾಲಯ ತಿಳಿದಿದೆ. ಇಎಸ್‌ಸಿಯ ಮೇಲೆ ಅಲ್ಯೂಮಿನಿಯಮ್ಮಿನ ತೆಳು ರೆಕ್ಕೆಗಳನ್ನು ಅಂಟಿಸುವುದು, ಅದರ ಮೇಲೆ ಪುಟ್ಟ ಫ್ಯಾನು ಕೂರಿಸುವುದು, ಗಾಳಿ ಬರುವೆಡೆ ಅದನ್ನು ಇಡುವುದು ಎಲ್ಲ ಇದೇ ಕೆಲಸ. ಹಾಲಾಹಲವನ್ನು ನುಂಗದೆ, ಉಗುಳದೆ ಗಂಟಲಲ್ಲೇ ಹಿಡಿದವನು ಶಿವ. ಲೋಕಕ್ಕಾಗಿ ನಡುವೆಯೇ ನಿಲ್ಲಬೇಕಾಗಿ ಬಂದವನು ಅವನು. ಅವನಿಗೆ ಅಭಿಷೇಕ ಪ್ರಿಯವೆಂದು ನಂಬಿದವರು ಪುತ್ತೂರಿನ ಮಹಾಲಿಂಗೇಶ್ವರನಿಗೂ ಸುತ್ತಲ ಊರುಗಳ ಶಿವನಿಗೂ ನೀರೆರೆದು, ಸೀಯಾಳ ಎರೆದು ತಣಿಸುತ್ತಾರೆ. ಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ತಳದ ಸಣ್ಣ ತೂತಿನಿಂದ ಹನಿಯೊಂದು ದುಂಡಗಾಗಿ, ತೂಗಿ, ಬೀಳುತ್ತದೆ. ಬಿದ್ದ ಮೇಲೆ ಇನ್ನೊಂದು. ತಡೆಹಿಡಿದವನ ಸುಡುವಿಕೆಯನ್ನು ದೌರ್ಬಲ್ಯವೆಂದು ನೋಡದೆ ಅದಕ್ಕೆ ತಂಪು ಒದಗಿಸಿದ್ದು ಈ ಪೂಜೆಯ ದೊಡ್ಡತನ. ಮನೆಯಲ್ಲಿ ಎಲ್ಲರ ಪರವಾಗಿ ಮಾತು ನುಂಗಿಕೊಂಡು ಕೂತವರಿಗೆ ಇಂಥ ತಂಪು ಸಿಗುವುದು ಅಪರೂಪ.

ಹೋಲಿಕೆಗೆ ಗಡಿಯಿದೆ. ರೆಗ್ಯುಲೇಟರಿಗೆ ಆಸೆಯಿಲ್ಲ. ಅದು ತಡೆಯುವುದು ಬ್ಯಾಟರಿಯ ಬಲವನ್ನು, ತನ್ನದೇ ಬಯಕೆಯನ್ನಲ್ಲ. ಮನುಷ್ಯನ ವಿಷಯದಲ್ಲಿ ತಡೆಯುವವನೂ ನುಗ್ಗುವವನೂ ಒಬ್ಬನೇ. ಗೀತೆಯ ಎರಡನೆಯ ಅಧ್ಯಾಯ ಇದನ್ನು ಸೂಕ್ಷ್ಮವಾಗಿ ಹಿಡಿದಿದೆ: ಆಹಾರ ಬಿಟ್ಟವನಿಂದ ವಿಷಯಗಳು ದೂರವಾಗುತ್ತವೆ, ರುಚಿ ಉಳಿಯುತ್ತದೆ, ಪರಮವನ್ನು ಕಂಡ ಮೇಲಷ್ಟೇ ಆ ರುಚಿಯೂ ಹೋಗುತ್ತದೆ. ಅಂದರೆ ತೆರೆದು ಮುಚ್ಚುವ ಎಂಥ ಜಾಣ ಕ್ರಮವೂ ಬಿಸಿಯನ್ನು ಕಡಿಮೆ ಮಾಡೀತು, ಹಿಂದಿನ ಒತ್ತಡವನ್ನು ಇಳಿಸಲಾರದು. ಮಧ್ವಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವಗಳು ಎರಡೇ, ಸ್ವತಂತ್ರ ಮತ್ತು ಅಸ್ವತಂತ್ರ, ಎಂದು ಆರಂಭಿಸುತ್ತಾರೆ. ಅಸ್ವತಂತ್ರನಾದ ಜೀವ ತನ್ನ ಹತೋಟಿಯನ್ನು ತಾನೇ ಪೂರ್ತಿ ಹೊರಬಲ್ಲೆನೆಂದು ಹೊರಟರೆ ಆ ಭಾರವೇ ಅವನನ್ನು ಕಾಯಿಸುತ್ತದೆ. ಭಕ್ತಿಮಾರ್ಗದ ಉತ್ತರ ಇಲ್ಲಿಂದ ಬೇರೆಯಾಗುತ್ತದೆ. ಅದು ಒಳ್ಳೆಯ ರೆಗ್ಯುಲೇಟರನ್ನು ಹುಡುಕುವುದಿಲ್ಲ, ಭಾರವನ್ನೇ ಬೇರೆ ಕಡೆ ಇಳಿಸುತ್ತದೆ.

ಯಂತ್ರದಲ್ಲೂ ಅಂಥ ಕ್ರಮವಿದೆ. ಆರು ಸೆಲ್, ಹನ್ನೆರಡು ಸೆಲ್‌ಗಳ ಬ್ಯಾಟರಿ ಹೊರುವ ದೊಡ್ಡ ಡ್ರೋನುಗಳಲ್ಲಿ 22.2 ಅಥವಾ 44.4 ವೋಲ್ಟನ್ನು 5ಕ್ಕೆ ಇಳಿಸುವ ಹೊಣೆಯನ್ನು ಸಾಮಾನ್ಯವಾಗಿ ಇಎಸ್‌ಸಿಗೆ ಕೊಡುವುದೇ ಇಲ್ಲ, ಅದಕ್ಕೆ ಹೊರಗೆ ಪ್ರತ್ಯೇಕ ವ್ಯವಸ್ಥೆ ಇರುತ್ತದೆ. ಚಿಕ್ಕ ಕಾರಿನ ಇಎಸ್‌ಸಿ ಪದೇ ಪದೇ ಕಾದು ಕೈಕೊಡುತ್ತಿದ್ದರೂ ಹೀಗೆಯೇ ಹೊರಗಿನದೊಂದನ್ನು ಜೋಡಿಸಬಹುದು. ಆಗ ರಿಸೀವರಿಗೆ ಎರಡು ಕಡೆಯಿಂದ ವಿದ್ಯುತ್ ಹೋಗಬಾರದು. ಎರಡು ರೆಗ್ಯುಲೇಟರುಗಳು ಒಂದೇ ಸಾಲನ್ನು ಹಿಡಿದರೆ ಒಂದರ ಮೇಲೊಂದು ಜಗ್ಗುತ್ತವೆ. ಇಎಸ್‌ಸಿಯಿಂದ ರಿಸೀವರಿಗೆ ಮೂರು ತಂತಿಗಳು ಬರುತ್ತವೆ. ನಡುವಿನ ಕೆಂಪು ತಂತಿಯ ಪಿನ್ನನ್ನು ಸೂಜಿಮೊನೆಯಿಂದ ಎಬ್ಬಿಸಿ ಪ್ಲಗ್ಗಿನಿಂದ ಹೊರಗೆಳೆದು, ತುದಿಗೆ ಟೇಪ್ ಸುತ್ತಿ, ಹಿಂದಕ್ಕೆ ಮಡಚಿ ಕಟ್ಟುತ್ತಾರೆ. ಆಜ್ಞೆ ತರುವ ತಂತಿ ಮತ್ತು ನೆಲದ ಕಪ್ಪು ತಂತಿ ಇದ್ದಲ್ಲೇ ಇರುತ್ತವೆ. ಇಎಸ್‌ಸಿ ಆಮೇಲೂ ಮೋಟಾರನ್ನು ಮೊದಲಿನಂತೆಯೇ ನಡೆಸುತ್ತದೆ. ಅದರ ಒಳಗಿನ ರೆಗ್ಯುಲೇಟರನ್ನು ಕಾರು ಓಡಿದ ಮೇಲೂ ಬೆರಳಿಟ್ಟು ಮುಟ್ಟಬಹುದು.